ಲ್ಯಾಮಿಂಗ್ಟನ್ ರೋಡಿಗೆ ಬಾರದ ‘ಮದರ್’

ತೊಂಬತ್ತರ ದಶಕದ ಮುಂಬೈಯಲ್ಲಿ ಶಾಲೆಗೆ ಹೋದವರನ್ನು ಚಿಕ್ಕಂದಿನಲ್ಲಿ ಯಾವ ಟಿವಿ ಗೇಮ್ ಆಡಿದಿರಿ ಎಂದು ಕೇಳಿ ನೋಡಿ. ಡೊಂಬಿವಲಿಯವರಾಗಲಿ, ಮಾಟುಂಗದವರಾಗಲಿ, ಮೀರಾ ರೋಡಿನವರಾಗಲಿ, ಉತ್ತರ ಹೆಚ್ಚುಕಡಿಮೆ ಒಂದೇ: ಮಾರಿಯೊ, ಕಾಂಟ್ರಾ, ಟ್ಯಾಂಕ್, ಬಾತುಕೋಳಿ ಹೊಡೆಯುವ ಡಕ್ ಹಂಟ್, ರೋಡ್ ಫೈಟರ್. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಬೆಳೆದವರನ್ನು ಕೇಳಿದರೂ ಪಟ್ಟಿ ಬಹಳ ಬದಲಾಗುವುದಿಲ್ಲ. ಎಲ್ಲವೂ ಜಪಾನಿನ ಆಟಗಳು. ಆದರೆ ಅದೇ ವರ್ಷಗಳಲ್ಲಿ, ಅದೇ ಯಂತ್ರದ ಮೇಲೆ, ಜಪಾನಿನ ಮಕ್ಕಳು ಇನ್ನೊಂದು ಬಗೆಯ ಆಟವನ್ನೂ ಮುಗಿಬಿದ್ದು ಆಡುತ್ತಿದ್ದರು. ಅದರಲ್ಲಿ ಹಾರುವುದು, ಗುಂಡು ಹಾರಿಸುವುದು ಮುಖ್ಯವಲ್ಲ. ಊರೂರು ತಿರುಗುವುದು, ಜನರನ್ನು ಮಾತಾಡಿಸುವುದು, ಜೊತೆಗಾರರನ್ನು ಕೂಡಿಸಿಕೊಳ್ಳುವುದು, ಒಂದು ದೊಡ್ಡ ಕಥೆಯನ್ನು ವಾರಗಟ್ಟಲೆ ಬಿಡಿಸುತ್ತ ಹೋಗುವುದು ಮುಖ್ಯ. ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ, ಎಂದು ಕರೆಯುವುದು ಇದನ್ನೇ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗೆ ಹೋಲಿಸಬಹುದು.

ಆ ಧಾರಾವಾಹಿಗಳು ನಮ್ಮ ಕೈಗೆ ಯಾಕೆ ಬರಲಿಲ್ಲ? ಈ ಪ್ರಶ್ನೆಯನ್ನು ಒಂದೇ ಒಂದು ಆಟದ ಚರಿತ್ರೆಯ ಮೂಲಕ ನೋಡಬೇಕೆನಿಸಿತು. ಆ ಆಟದ ಹೆಸರು ‘ಮದರ್’. 1989ರ ಜುಲೈ 27ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. ಅಲ್ಲಿ ಸುಮಾರು 4 ಲಕ್ಷ ಪ್ರತಿ ಮಾರಾಟವಾದರೂ ಹೊರಜಗತ್ತಿಗೆ ಅಧಿಕೃತವಾಗಿ ತಲುಪಲು ಅದಕ್ಕೆ 26 ವರ್ಷ ಬೇಕಾಯಿತು.

ಮೊದಲು ಯಂತ್ರದ ಮಾತು. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಕೆಂಪು-ಬಿಳಿ ಪೆಟ್ಟಿಗೆಯನ್ನು 14,800 ಯೆನ್‌ಗೆ ಮಾರುಕಟ್ಟೆಗೆ ಬಿಟ್ಟಿತು. ಜನರ ಬಾಯಲ್ಲಿ ಅದು ‘ಫ್ಯಾಮಿಕಾಮ್’ ಆಯಿತು. ಅಮೆರಿಕಕ್ಕೆ ಕಳಿಸುವಾಗ ಹೊರಮೈ ಬದಲಿಸಿ, 72 ಪಿನ್ನುಗಳ ಕಾರ್ಟ್ರಿಜ್ ಮಾಡಿ, ಅನ್ಯರ ಕಾರ್ಟ್ರಿಜ್ ಓಡದಂತೆ ಒಳಗೊಂದು ಬೀಗದ ಚಿಪ್ ಇಟ್ಟರು. ಜಪಾನಿನ ಮೂಲ ಯಂತ್ರಕ್ಕೆ 60 ಪಿನ್ನು, ಬೀಗವಿಲ್ಲ. ತೈವಾನಿನ ತಯಾರಕರು ನಕಲು ಮಾಡಿದ್ದು ಈ ಬೀಗವಿಲ್ಲದ ಯಂತ್ರವನ್ನು. ಆ ನಕಲುಗಳೇ ಏಷ್ಯಾದಲ್ಲೆಲ್ಲ ಹರಡಿದವು. ನಮ್ಮಲ್ಲಿ ಅವು ‘ಸಮುರಾಯ್’, ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಮುಂತಾದ ಹೆಸರುಗಳಲ್ಲಿ ಬಂದವು. ಹೆಸರು ಯಾವುದೇ ಇರಲಿ, ಒಳಗಿರುವುದು ಫ್ಯಾಮಿಕಾಮ್.

ಮುಂಬೈ ಬಂದರು ಪಟ್ಟಣ. ಪರದೇಶದ ಮಾಲಿಗೆ ಇಲ್ಲಿ ಮೊದಲಿಂದಲೂ ಮಾರುಕಟ್ಟೆ ಇದೆ. ಹಾಜಿ ಅಲಿಯ ಹೀರಾ ಪನ್ನಾ, ಕ್ರಾಫರ್ಡ್ ಮಾರ್ಕೆಟ್ ಬಳಿಯ ಮನೀಷ್ ಮಾರ್ಕೆಟ್, ಗ್ರಾಂಟ್ ರೋಡ್ ಸ್ಟೇಶನ್ನಿಗೆ ತಾಗಿದ ಲ್ಯಾಮಿಂಗ್ಟನ್ ರೋಡ್. ಈ ಕೊನೆಯದಕ್ಕೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂಬ ಅಧಿಕೃತ ಹೆಸರಿದ್ದರೂ ಎಲೆಕ್ಟ್ರಾನಿಕ್ಸ್ ಕೊಳ್ಳಲು ಹೋಗುವವರಿಗೆ ಅದು ಇಂದಿಗೂ ಲ್ಯಾಮಿಂಗ್ಟನ್ ರೋಡೇ. ಅಧಿಕೃತ ದಾರಿ ಎಷ್ಟು ದುಬಾರಿ ಎನ್ನಲು ಒಂದೇ ಉದಾಹರಣೆ ಸಾಕು: 1995ರಲ್ಲಿ ಸೆಗಾ ಕಂಪನಿ ಶಾ ವಾಲೇಸ್ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಯಂತ್ರವನ್ನು ಭಾರತಕ್ಕೆ ತಂದಾಗ ಬೆಲೆ 18,000 ರೂಪಾಯಿ. 80 ಶೇಕಡಾ ಆಮದು ಸುಂಕದಿಂದ ತಪ್ಪಿಸಿಕೊಳ್ಳಲೆಂದೇ ಆ ಒಪ್ಪಂದ ಆದದ್ದು. ಚಾಳಿನ ಒಂದು ಖೋಲಿಯಲ್ಲಿ ಸಂಸಾರ ಮಾಡುವವರಿಗೆ ಅದು ಆಗದ ಮಾತು. ಹಾಗಾಗಿ ನಕಲು ಪೆಟ್ಟಿಗೆ, ನಕಲು ಕ್ಯಾಸೆಟ್. ಕಾರ್ಟ್ರಿಜ್ಜಿಗೆ ನಾವು ‘ಕ್ಯಾಸೆಟ್’ ಎನ್ನುತ್ತಿದ್ದೆವು. ಜಪಾನಿನ ಮಕ್ಕಳೂ ಅದನ್ನು ‘ಕಸೆಟ್ಟೊ’ ಎಂದೇ ಕರೆಯುತ್ತಿದ್ದರಂತೆ.

ಈಗ ಆ ಕ್ಯಾಸೆಟ್ಟಿನ ಒಳಗಿನ ಲೆಕ್ಕ. ನಕಲು ಮಾಡುವವನಿಗೆ ಮುಖ್ಯ ಖರ್ಚು ಮೆಮೊರಿ ಚಿಪ್. ಮೊದಲ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಗಾತ್ರ 40 ಕಿಲೊಬೈಟ್. ನಾವು ಟ್ಯಾಂಕ್ ಎನ್ನುತ್ತಿದ್ದ ‘ಬ್ಯಾಟಲ್ ಸಿಟಿ’ 24 ಕಿಲೊಬೈಟ್. ಇಂಥವನ್ನು ಒಂದೇ ಬೋರ್ಡಿನ ಮೇಲೆ ಹತ್ತಿಪ್ಪತ್ತು ತುಂಬಿ, ಅವನ್ನೇ ತಿರುಗಿಸಿ ಮುರುಗಿಸಿ ಪಟ್ಟಿಯಲ್ಲಿ ಹಾಕಿ ‘9999 ಇನ್ 1’ ಎಂದು ಲೇಬಲ್ ಅಂಟಿಸಬಹುದು. ‘ಮದರ್’ ಒಂದೇ 384 ಕಿಲೊಬೈಟ್. ಅಂದರೆ ಒಂಬತ್ತು ಮಾರಿಯೊ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಒಂದರ ಬೆಲೆಗೆ ಹತ್ತು ಕೊಡುವ ವ್ಯಾಪಾರಿ ಹತ್ತರ ಬೆಲೆಗೆ ಒಂದನ್ನು ಯಾಕೆ ಕೊಡುತ್ತಾನೆ?

ಎರಡನೆಯದು ಬ್ಯಾಟರಿ. ವಾರಗಟ್ಟಲೆ ನಡೆಯುವ ಕಥೆಯಲ್ಲಿ ನಿನ್ನೆ ಎಲ್ಲಿಗೆ ನಿಲ್ಲಿಸಿದೆವು ಎಂಬುದು ಇಂದು ಯಂತ್ರಕ್ಕೆ ನೆನಪಿರಬೇಕು. 1986ರ ಮೇ ತಿಂಗಳಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’, ಜಪಾನಿನಲ್ಲಿ ಈ ಬಗೆಯ ಆಟಕ್ಕೆ ಹುಚ್ಚು ಹಿಡಿಸಿದ ಆಟ, ಇದಕ್ಕೆ 20 ಅಕ್ಷರಗಳ ಒಂದು ‘ಮಂತ್ರ’ ಕೊಡುತ್ತಿತ್ತು. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಮರುದಿನ ಟೈಪ್ ಮಾಡಬೇಕು. ಒಂದಕ್ಷರ ತಪ್ಪಿದರೆ ಕಥೆ ಹೋಯಿತು. 1988ರ ಮೂರನೆಯ ‘ಡ್ರ್ಯಾಗನ್ ಕ್ವೆಸ್ಟ್’ ಹೊತ್ತಿಗೆ ಕ್ಯಾಸೆಟ್ಟಿನೊಳಗೇ 8 ಕಿಲೊಬೈಟಿನ ಒಂದು ರ್‍ಯಾಮ್ ಚಿಪ್ಪನ್ನೂ, ಟಿವಿ ಆರಿಸಿದ ಮೇಲೂ ಅದನ್ನು ಜೀವಂತವಾಗಿಡಲು ನಾಣ್ಯದಂಥ ಒಂದು ಲಿಥಿಯಂ ಬ್ಯಾಟರಿಯನ್ನೂ ಇಟ್ಟರು. ‘ಮದರ್’ನದೂ ಇದೇ ವ್ಯವಸ್ಥೆ. ನಕಲು ಮಾಡುವವನಿಗೆ ಈ ಚಿಪ್ಪು, ಬ್ಯಾಟರಿ ಎಲ್ಲವೂ ದಂಡದ ಖರ್ಚು. ಅದಿಲ್ಲದೆ ಓಡುವ ಆಟಗಳೇ ಅವನಿಗೆ ಲಾಭ.

ಮೂರನೆಯದು ಸಮಯ. ಯಂತ್ರ ಕೊಳ್ಳಲಾಗದವರು ಗಲ್ಲಿಯ ವಿಡಿಯೊ ಗೇಮ್ ಪಾರ್ಲರಿನಲ್ಲಿ ಅರ್ಧ ಗಂಟೆಗೆ ಇಷ್ಟು, ಒಂದು ಗಂಟೆಗೆ ಇಷ್ಟು ಎಂದು ಕೊಟ್ಟು ಆಡುತ್ತಿದ್ದರು. ಹಿಂದೆ ನಾಲ್ಕು ಜನ ಸರದಿಗೆ ನಿಂತಿರುವಾಗ ಪರದೆಯ ಮೇಲಿನ ಮುದುಕಿಯ ಜೊತೆ ಕುಶಲ ಮಾತಾಡುವ ಆಟ ನಡೆಯುವುದಿಲ್ಲ.

ನಾಲ್ಕನೆಯದು ಭಾಷೆ. ಮಾರಿಯೊ ಆಡಲು ಓದು ಬರಬೇಕಾಗಿಲ್ಲ. ಆರ್‌ಪಿಜಿ ಪೂರಾ ಓದಿನ ಆಟ, ಅದೂ ಜಪಾನಿ ಲಿಪಿಯಲ್ಲಿ. ಅಂದರೆ ಯಾರೋ ಬೇಡವೆಂದು ತಡೆದದ್ದರಿಂದ ಆ ಕಥೆಗಳು ನಿಂತದ್ದಲ್ಲ. ಚಿಪ್ಪಿನ ಬೆಲೆ, ಬ್ಯಾಟರಿ, ಪಾರ್ಲರಿನ ಗಡಿಯಾರ, ಲಿಪಿ ಎಂಬ ನಾಲ್ಕು ಜರಡಿಗಳಲ್ಲಿ ಸೋಸಿ ಉಳಿದದ್ದು ಓಟ, ನೆಗೆತ, ಗುಂಡು ಮಾತ್ರ. ವಿಡಿಯೊ ಗೇಮ್ ಎಂದರೆ ಹೊಡೆದಾಟ, ಮಕ್ಕಳು ಹಾಳಾಗುವ ದಾರಿ ಎಂದು ನಮ್ಮ ಹಿರಿಯರು ತಿಳಿದದ್ದರಲ್ಲಿ ತಪ್ಪೇನೂ ಇಲ್ಲ. ಅವರ ಕಣ್ಣಿಗೆ ಬಿದ್ದದ್ದು ಅಷ್ಟೇ.

ಹಾಗಾದರೆ ಸೋಸಿ ಹೋದದ್ದರಲ್ಲಿ ಏನಿತ್ತು?

‘ಮದರ್’ ಕಟ್ಟಿದವರು ಶಿಗೆಸಾತೊ ಇತೊಯ್. ಇವರು ಪ್ರೋಗ್ರಾಮರ್ ಅಲ್ಲ, ಜಾಹೀರಾತು ಬರೆಯುವ ಕಾಪಿರೈಟರ್. ಎಂಬತ್ತರ ದಶಕದ ಜಪಾನಿನಲ್ಲಿ ಮನೆಮಾತಾದ ಘೋಷವಾಕ್ಯಗಳನ್ನು ಬರೆದವರು. 1988ರ ಹಯಾವೊ ಮಿಯಾಜಾಕಿಯವರ ‘ಮೈ ನೇಬರ್ ಟೊಟೊರೊ’ ಚಿತ್ರದಲ್ಲಿ ಇಬ್ಬರು ಹುಡುಗಿಯರ ಅಪ್ಪನ ಪಾತ್ರಕ್ಕೆ ದನಿ ಕೊಟ್ಟವರೂ ಇವರೇ. ‘ಡ್ರ್ಯಾಗನ್ ಕ್ವೆಸ್ಟ್’ ಅವರಿಗೆ ಬಹಳ ಹಿಡಿಸಿತ್ತು. ಆದರೆ ಕತ್ತಿ, ಕೋಟೆ, ರಾಜಕುಮಾರಿ ಯಾಕೆ, ಇಂದಿನ ಕಾಲದ ಸಾಮಾನ್ಯ ಊರಿನಲ್ಲಿ ಇಂಥ ಕಥೆ ಯಾಕಾಗಬಾರದು ಎಂದುಕೊಂಡು ಅವರು ನಿಂಟೆಂಡೊದ ಶಿಗೆರು ಮಿಯಾಮೊಟೊ ಬಳಿ ಹೋದರು. ಮಿಯಾಮೊಟೊ ಮೊದಲಿಗೆ ಅಷ್ಟೇನೂ ಉತ್ಸಾಹ ತೋರಲಿಲ್ಲ. ಕಡೆಗೆ ಒಪ್ಪಿಗೆ ಸಿಕ್ಕಿತು. ಸಂಗೀತ ಕೇಇಚಿ ಸುಜುಕಿ ಮತ್ತು ಹಿರೊಕಾಜು ತನಾಕಾ ಅವರದು. ಹೆಸರು ಜಾನ್ ಲೆನನ್ನನ ಹಾಡೊಂದರಿಂದ ಬಂದದ್ದು.

ಕಥೆ ಅಮೆರಿಕದ ಒಂದು ಹಳ್ಳಿಗಾಡಿನಲ್ಲಿ ನಡೆಯುತ್ತದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜಾರ್ಜ್, ಮರಿಯಾ ಎಂಬ ಗಂಡ-ಹೆಂಡತಿ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾರೆ. ಎರಡು ವರ್ಷದ ಮೇಲೆ ಜಾರ್ಜ್ ಒಬ್ಬನೇ ಮರಳಿ ಬಂದು, ಯಾರಿಗೂ ಏನೂ ಹೇಳದೆ, ಏನೋ ಸಂಶೋಧನೆಯಲ್ಲಿ ಮುಳುಗುತ್ತಾನೆ. ಮರಿಯಾ ಬರುವುದೇ ಇಲ್ಲ. ಆಮೇಲೆ 1988. ಊರಿನ ಹುಡುಗನೊಬ್ಬನ ಮನೆಯಲ್ಲಿ ಮೇಜಿನ ದೀಪ ತಾನಾಗಿ ಎದ್ದು ಅವನ ಮೇಲೆ ಬೀಳುತ್ತದೆ. ಅವನ ಹೆಸರು ನಿಂಟೆನ್. ಕೈಯಲ್ಲಿ ಬೇಸ್‌ಬಾಲ್ ಬ್ಯಾಟು. ಅವನಿಗೆ ಆಸ್ತಮಾ ಬೇರೆ. ಲಾರಿ ಹೊಗೆ ಉಗುಳಿದರೆ ಉಸಿರು ಕಟ್ಟುತ್ತದೆ, ಬಾಯಿಗೆ ಸ್ಪ್ರೇ ಹಾಕಿಕೊಳ್ಳಬೇಕು. ಸಯನ್ ಸರ್ಕಲ್ಲಿನಲ್ಲಿ ಸಂಜೆ ಆರಕ್ಕೆ ನಿಂತವರಿಗೆ ಇಂಥ ವೀರನನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾರಿಯಲ್ಲಿ ಅವನಿಗೆ ಸಿಗುವ ಗೆಳೆಯರೂ ಹಾಗೇ: ಶಾಲೆಯಲ್ಲಿ ಎಲ್ಲರೂ ಗೋಳುಹೊಯ್ದುಕೊಂಡು ಮಾಳಿಗೆಯ ಕಸದ ಡಬ್ಬಿಯಲ್ಲಿ ಅಡಗಿ ಕೂತ ಹುಡುಗ, ಕಳೆದುಹೋದ ಅಮ್ಮನನ್ನು ಹುಡುಕುತ್ತಿರುವ ಹುಡುಗಿ.

ಆಟದುದ್ದಕ್ಕೂ ಅಪ್ಪ ಕಾಣಿಸುವುದಿಲ್ಲ. ಫೋನಿನಲ್ಲಿ ಮಾತ್ರ ಸಿಗುತ್ತಾನೆ. ಆಟ ಉಳಿಸಿಡಬೇಕಾದರೆ ಫೋನ್ ಇರುವ ಕಡೆ ಹೋಗಿ ಅಪ್ಪನಿಗೆ ಮಾಡಬೇಕು. ನಾವು ಗೆದ್ದದ್ದಕ್ಕೆ ತಕ್ಕಂತೆ ಅಪ್ಪ ಬ್ಯಾಂಕಿಗೆ ದುಡ್ಡು ಹಾಕಿರುತ್ತಾನೆ; ಅಂಗಡಿಯಲ್ಲಿರುವ ಯಂತ್ರದಿಂದ ಕಾರ್ಡು ಹಾಕಿ ತೆಗೆದುಕೊಳ್ಳಬೇಕು. ಅಮ್ಮ ಮನೆಯಲ್ಲಿರುತ್ತಾಳೆ, ಮರಳಿ ಹೋದರೆ ಇಷ್ಟದ ಊಟ ಹಾಕಿ ಮಲಗಿಸುತ್ತಾಳೆ. ಇತೊಯ್ ಇದನ್ನು ಕೆಲಸಕ್ಕೆ ಕಟ್ಟುಬಿದ್ದ ಜಪಾನಿನ ಗೃಹಸ್ಥರ ಕಾಲದಲ್ಲಿ ಬರೆದರು. ಆದರೆ ಅಪ್ಪ ಎಂದರೆ ಫೋನಿನ ದನಿ ಮತ್ತು ತಿಂಗಳ ದುಡ್ಡು ಎಂಬ ಸಂಸಾರವನ್ನು ಮುಂಬೈ ಕನ್ನಡಿಗರು ಯಾವ ಆಟದಿಂದಲೂ ಕಲಿಯಬೇಕಾಗಿರಲಿಲ್ಲ. ಕುಂದಾಪುರ, ಉಡುಪಿ ಕಡೆಯಿಂದ ಬಂದು ಇಲ್ಲಿನ ಹೊಟೇಲುಗಳಲ್ಲಿ ದುಡಿದವರು ಊರಿಗೆ ಮನಿಯಾರ್ಡರ್ ಕಳಿಸಿ, ರಾತ್ರಿ ದರ ಇಳಿದ ಮೇಲೆ ಎಸ್‌ಟಿಡಿ ಬೂತಿನ ಕೆಂಪು ಅಂಕಿ ನೋಡುತ್ತ ಮಾತಾಡಿದವರು. ಅವರ ಮಕ್ಕಳು ಊರಿನಲ್ಲಿ ಫೋನಿನ ಆ ಕಡೆ ನಿಂತವರು. ಈ ಆಟ ನಮ್ಮ ಕೈಗೆ ಬಂದಿದ್ದರೆ ಅದನ್ನು ಅಮೆರಿಕದ ಕಥೆ ಎಂದು ನಾವು ಅಂದುಕೊಳ್ಳುತ್ತಿರಲಿಲ್ಲ.

ಕಡೆಯ ಯುದ್ಧವೂ ವಿಚಿತ್ರ. ಎದುರಾಳಿ ಗೀಗ್ ಎಂಬ ಅನ್ಯಲೋಕದವನು. ಕಾಣೆಯಾದ ಮರಿಯಾ ಅವನನ್ನು ಮಗುವಿನಂತೆ ಸಾಕಿದ್ದಳು; ಜಾರ್ಜ್ ಆ ಲೋಕದವರ ಗುಟ್ಟು ಕದ್ದು ಓಡಿಬಂದಿದ್ದ. ಎಷ್ಟು ಹೊಡೆದರೂ ಗೀಗ್‌ಗೆ ಏನೂ ಆಗುವುದಿಲ್ಲ. ಮರಿಯಾ ಅವನಿಗೆ ಹಾಡುತ್ತಿದ್ದ ಜೋಗುಳದ ಎಂಟು ತುಣುಕುಗಳು ಬೇರೆ ಬೇರೆ ಕಡೆ ಚದುರಿಹೋಗಿವೆ. ಒಂದು ಗೊಂಬೆಯಲ್ಲಿ, ಒಂದು ಕ್ಯಾನರಿ ಹಕ್ಕಿಯಲ್ಲಿ, ಒಂದು ಪಿಯಾನೊದಲ್ಲಿ, ಒಂದು ಪಾಪಾಸುಕಳ್ಳಿಯಲ್ಲಿ. ಅವನ್ನೆಲ್ಲ ಕೂಡಿಸಿಕೊಂಡು ಬಂದು ಅವನೆದುರು ಹಾಡಬೇಕು. ಅವನು ತಡೆಯುತ್ತಾನೆ, ಮತ್ತೆ ಹಾಡಬೇಕು. ಆ ಹಾಡನ್ನು ಪೂರ್ತಿ ಕೇಳಲಾರದೆ ಅವನು ಸೋಲುತ್ತಾನೆ. ಕಾಂಟ್ರಾ ಆಡಿದ ನಮಗೆ ಗೆಲ್ಲಲು ಹೀಗೂ ಒಂದು ದಾರಿ ಇದೆಯೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ.

ಇನ್ನು ಈ ಆಟದ ಸ್ವಂತ ಚರಿತ್ರೆ. ನಿಂಟೆಂಡೊದ ಅಮೆರಿಕ ಶಾಖೆ 1990ರಲ್ಲಿ ಇದರ ಇಂಗ್ಲಿಷ್ ಆವೃತ್ತಿ ತಯಾರಿಸಿತು. ಆ ಕೆಲಸ ಫಿಲ್ ಸ್ಯಾಂಡ್‌ಹಾಪ್ ಅವರದು. ಮೂಲದಲ್ಲಿ ಊರುಗಳಿಗೆ ‘ಮದರ್ಸ್ ಡೇ’, ‘ಥ್ಯಾಂಕ್ಸ್‌ಗಿವಿಂಗ್’, ‘ಹ್ಯಾಲೊವೀನ್’ ಎಂದು ಹಬ್ಬಗಳ ಹೆಸರಿದ್ದವು, ಅವನ್ನು ಬದಲಿಸಿದರು. ಸಿಗರೇಟು, ರಕ್ತ, ಶಿಲುಬೆ ತೆಗೆದರು. ಮೂಲದಲ್ಲಿಲ್ಲದ ಓಡುವ ಸೌಲಭ್ಯ ಸೇರಿಸಿದರು, ಮುಕ್ತಾಯವನ್ನು ಹಿಗ್ಗಿಸಿದರು. ‘ಅರ್ಥ್ ಬೌಂಡ್’ ಎಂದು ಹೆಸರಿಟ್ಟರು. ಎಲ್ಲ ಮುಗಿಯಿತು. ಅಷ್ಟರಲ್ಲಿ ಕಂಪನಿಯ ಮುಂದಿನ ಯಂತ್ರ ಸೂಪರ್ ನಿಂಟೆಂಡೊ ಬರುವ ಕಾಲವಾಯಿತು. ಹಳೆಯ ಯಂತ್ರಕ್ಕೆ ಇಷ್ಟು ಮೆಮೊರಿಯ, ಇಷ್ಟು ಬೆಲೆಯ ಕಾರ್ಟ್ರಿಜ್ ಯಾರು ಕೊಳ್ಳುತ್ತಾರೆಂದು ಪ್ರಾಜೆಕ್ಟನ್ನು ಬದಿಗಿಟ್ಟರು. ಐಟಿಯಲ್ಲಿರುವವರಿಗೆ ಇದು ಹೊಸ ಕಥೆಯಲ್ಲ. ಕೋಡ್ ಮುಗಿದು, ಟೆಸ್ಟಿಂಗ್ ಮುಗಿದು, ಬಿಡುಗಡೆಯೊಂದೇ ಬಾಕಿ ಇರುವಾಗ ಬಜೆಟ್ ಮೀಟಿಂಗಿನಲ್ಲಿ ಪ್ರಾಜೆಕ್ಟು ನಿಂತುಹೋಗುವುದನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೇವೆ. ಗಮನಿಸಿ: ಮುಂಬೈಯ ನಕಲುಗಾರನೂ ಸಿಯಾಟಲ್ ಕಡೆಯ ಅಧಿಕಾರಿಯೂ ಈ ಆಟವನ್ನು ಬಿಟ್ಟದ್ದು ಒಂದೇ ಲೆಕ್ಕದಿಂದ. ಚಿಪ್ಪಿನ ಬೆಲೆ ಕೊಳ್ಳುವವನ ಜೇಬಿಗಿಂತ ದೊಡ್ಡದು.

ಎಂಟು ವರ್ಷ ಅದು ಎಲ್ಲೋ ಬಿದ್ದಿತ್ತು. 1998ರಲ್ಲಿ ಆ ಇಂಗ್ಲಿಷ್ ಆವೃತ್ತಿಯ ಒಂದು ಮಾದರಿ ಕಾರ್ಟ್ರಿಜ್ ಹವ್ಯಾಸಿಗಳ ಕಣ್ಣಿಗೆ ಬಿತ್ತು. ನಿಯೊ ಡೆಮಿಫೋರ್ಸ್ ಎಂಬ ಗುಂಪು ಅದರಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿ ಇಂಟರ್‌ನೆಟ್ಟಿನಲ್ಲಿ ಹಂಚಿತು. ಈ ನಡುವೆ 1995ರಲ್ಲಿ ಎರಡನೆಯ ಭಾಗ ‘ಅರ್ಥ್‌ಬೌಂಡ್’ ಹೆಸರಿನಲ್ಲೇ ಅಮೆರಿಕದಲ್ಲಿ ಬಂದಿದ್ದರಿಂದ ಇದಕ್ಕೆ ‘ಅರ್ಥ್‌ಬೌಂಡ್ ಜೀರೊ’ ಎಂದರು. ಇದು ಅಸಲಿಯೇ ಅಲ್ಲ, ಯಾರೋ ಹುಡುಗರು ಮಾಡಿದ ನಕಲಿ ಅನುವಾದ ಎಂದು ಹಲವರು ವರ್ಷಗಟ್ಟಲೆ ವಾದಿಸಿದರು. ಕಡೆಗೆ 2015ರ ಜೂನ್ 14ರಂದು ನಿಂಟೆಂಡೊ ತಾನೇ ಅದನ್ನು ‘ಅರ್ಥ್‌ಬೌಂಡ್ ಬಿಗಿನಿಂಗ್ಸ್’ ಎಂದು ಬಿಡುಗಡೆ ಮಾಡಿದಾಗ ಎಲ್ಲರೂ ನೋಡಿದರು: ಅದೇ ಅನುವಾದ.

1998 ಎಂದರೆ ನಮ್ಮಲ್ಲಿ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಶುರು ಮಾಡಿ ಮೂರು ವರ್ಷ. ಸೈಬರ್ ಕೆಫೆಗಳು ಏಳುತ್ತಿದ್ದ ಕಾಲ. ಹಳೆಯ ಯಂತ್ರವನ್ನು ಪಿಸಿಯ ಮೇಲೆ ಅನುಕರಿಸುವ ಎಮ್ಯುಲೇಟರ್ ತಂತ್ರಾಂಶಗಳು ಅದಾಗಲೇ ಬಂದಿದ್ದವು. ಇಡೀ ‘ಮದರ್’ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿತ್ತು. ಕ್ಯಾಸೆಟ್ಟಿನ ಕಾಲದ ನಾಲ್ಕು ಜರಡಿಗಳಲ್ಲಿ ಮೂರು ಒಮ್ಮೆಗೇ ಹರಿದುಹೋಗಿದ್ದವು. ಚಿಪ್ಪಿನ ಖರ್ಚಿಲ್ಲ. ಬ್ಯಾಟರಿ ಬೇಡ, ಹಾರ್ಡ್ ಡಿಸ್ಕಿದೆ. ಲಿಪಿ ಇಂಗ್ಲಿಷ್. ಗಂಟೆಯ ಲೆಕ್ಕ ಮಾತ್ರ ಪಾರ್ಲರಿನಿಂದ ಸೈಬರ್ ಕೆಫೆಗೆ ಬಂದು ಕೂತಿತ್ತು. ಅದೂ ಮನೆಗೆ ಕಂಪ್ಯೂಟರ್ ಬಂದ ಮೇಲೆ ಹೋಯಿತು.

ಎರಡನೆಯ ಭಾಗದಲ್ಲಿ ಇತೊಯ್ ಒಂದು ಹೊಸ ಕಾಯಿಲೆ ಸೇರಿಸಿದರು. ವಿಷ, ನೆಗಡಿ ಇವುಗಳ ಜೊತೆಗೆ ಮನೆಯ ನೆನಪು. ಬಹಳ ದಿನ ಊರು ಬಿಟ್ಟಿದ್ದರೆ ಹುಡುಗ ಹೊಡೆದಾಟದ ನಡುವೆ ಅಮ್ಮನನ್ನು ನೆನೆಸಿಕೊಂಡು ಸುಮ್ಮನೆ ನಿಂತುಬಿಡುತ್ತಾನೆ. ಅದಕ್ಕೆ ಮದ್ದಿನಂಗಡಿಯಲ್ಲಿ ಔಷಧಿಯಿಲ್ಲ. ಫೋನ್ ಮಾಡಿ ಅಮ್ಮನ ಜೊತೆ ಮಾತಾಡಬೇಕು. ಬಹಳ ಹೊತ್ತು ಆಡುತ್ತಲೇ ಇದ್ದರೆ ಅಪ್ಪನೇ ಫೋನ್ ಮಾಡಿ ಸ್ವಲ್ಪ ಸುಧಾರಿಸಿಕೊ ಎನ್ನುತ್ತಾನೆ. ಅಮೆರಿಕದಲ್ಲಿ ಅದು ಸುಮಾರು 1,40,000 ಪ್ರತಿ ಮಾತ್ರ ಹೋಯಿತು. ಅಷ್ಟು ಓದುಗರೇ ಅದನ್ನು ಹಿಡಿದುಕೊಂಡರು. 2006ರಲ್ಲಿ ಜಪಾನಿನಲ್ಲಿ ಬಂದ ಮೂರನೆಯ ಭಾಗವನ್ನು ಕಂಪನಿ ಇಂಗ್ಲಿಷಿಗೆ ತರಲಿಲ್ಲ. ವೃತ್ತಿಯಿಂದಲೇ ಅನುವಾದಕರಾದ ಕ್ಲೈಡ್ ಮ್ಯಾಂಡೆಲಿನ್ ಮತ್ತು ಅವರ ಗೆಳೆಯರು ಬಿಡುವಿನ ವೇಳೆಯಲ್ಲಿ ಪುಕ್ಕಟೆಯಾಗಿ ಅನುವಾದಿಸಿ 2008ರ ಅಕ್ಟೋಬರಿನಲ್ಲಿ ಹೊರತಂದರು. ಒಂದೇ ವಾರದಲ್ಲಿ ಲಕ್ಷಕ್ಕೂ ಹೆಚ್ಚು ಜನ ಇಳಿಸಿಕೊಂಡರು. ಇಂದಿಗೂ ಅದರ ಇಂಗ್ಲಿಷ್ ರೂಪ ಅಂದರೆ ಇದೊಂದೇ.

ಕಾನೂನಿನ ಕಣ್ಣಲ್ಲಿ ಮನೀಷ್ ಮಾರ್ಕೆಟ್ಟಿನ ಕ್ಯಾಸೆಟ್ಟಿಗೂ 1998ರ ಆ ಕಡತಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ಅನುಮತಿ ಇಲ್ಲದ ಪ್ರತಿ. ಮ್ಯಾಂಡೆಲಿನ್ ತಂಡ ಆಟವನ್ನು ಹಂಚದೆ ಅನುವಾದದ ತೇಪೆಯನ್ನಷ್ಟೇ ಹಂಚಿತು. ಅದಕ್ಕೂ ಅನುಮತಿಯೇನೂ ಇರಲಿಲ್ಲ. ಆದರೆ ಮೊದಲನೆಯವನು ಮಾರಿಹೋಗುವುದನ್ನು ಮಾತ್ರ ಉಳಿಸಿದ. ಎರಡನೆಯವರು ಮಾರಿಹೋಗದ್ದನ್ನು ಹುಡುಕಿ ಉಳಿಸಿದರು. ಚರಿತ್ರೆ ಬರೆಯುವವನಿಗೆ ಈ ವ್ಯತ್ಯಾಸ ಕಾನೂನಿನದಕ್ಕಿಂತ ದೊಡ್ಡದು.

ಹೀಗೆ ಸಂಬಳವಿಲ್ಲದೆ, ಕೆಲಸ ಮುಗಿದ ಮೇಲೆ ಕೂತು ಭಾಷೆಯ ಕೆಲಸ ಮಾಡುವವರನ್ನು ನಾವು ಅರಿಯದವರಲ್ಲ. ಮುಂಬೈಯ ಮೈಸೂರು ಅಸೋಸಿಯೇಶನ್ 1926ರದು, ಕರ್ನಾಟಕ ಸಂಘ 1933ರದು. ಹಗಲು ಹೊಟೇಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳು ಇಲ್ಲಿದ್ದವು. ಈ ಊರಿನ ಕನ್ನಡ ನಾಟಕ, ಯಕ್ಷಗಾನ, ಸಣ್ಣ ಪತ್ರಿಕೆ ಎಲ್ಲ ನಡೆದದ್ದು ಆಫೀಸು ಬಿಟ್ಟ ಮೇಲಿನ ಹೊತ್ತಿನಲ್ಲಿ. ನೀವು ಈಗ ಓದುತ್ತಿರುವ ಪತ್ರಿಕೆಯೂ ಹಾಗೇ.

ಇದೇ ಹೊತ್ತಿನಲ್ಲಿ ಇಂಥ ಒಂದು ಆಟವನ್ನು ಕನ್ನಡಕ್ಕೆ ತರಬಹುದೇ? ತಾಂತ್ರಿಕವಾಗಿ ನೋಡೋಣ. ಫ್ಯಾಮಿಕಾಮ್ ಪರದೆಯನ್ನು 8×8 ಚುಕ್ಕೆಗಳ ಚೌಕಗಳಿಂದ ಕಟ್ಟುತ್ತದೆ. ಹಿನ್ನೆಲೆಗೆ ಒಮ್ಮೆಗೆ 256 ಚೌಕಗಳು. ಇಂಗ್ಲಿಷಿನ 26 ಅಕ್ಷರ ಅದರಲ್ಲಿ ಸಲೀಸು. ಜಪಾನಿನ ಕಾನಾ ಅಕ್ಷರವೂ ಒಂದೊಂದು ಚೌಕದಲ್ಲಿ ಕೂರುತ್ತದೆ. ಆದ್ದರಿಂದಲೇ ಆ ಕಾಲದ ಆಟಗಳಲ್ಲಿ ಚೀನೀ ಮೂಲದ ಕಾಂಜಿ ಚಿಹ್ನೆ ಕಾಣುವುದು ಕಡಿಮೆ. ಕನ್ನಡದ ‘ಸ್ತ್ರೀ’ಯನ್ನು ಎಂಟು ಚುಕ್ಕೆಯಲ್ಲಿ ಬರೆಯಲಾಗದು. ಕಾಗುಣಿತ, ಒತ್ತು ಸೇರಿದರೆ 256 ಚೌಕ ಎಲ್ಲಿಗೂ ಸಾಲದು. ಒಂದು ಅಕ್ಷರಕ್ಕೆ ನಾಲ್ಕು ಚೌಕ ಕೊಟ್ಟು, ಪರದೆಯ ಮೇಲೆ ಆ ಕ್ಷಣ ಬೇಕಾದ ಅಕ್ಷರಗಳನ್ನಷ್ಟೇ ಮೆಮೊರಿಗೆ ಬಿಡಿಸಿಕೊಳ್ಳುವಂತೆ ಬರಹದ ಭಾಗವನ್ನು ಹೊಸದಾಗಿ ಕಟ್ಟಬೇಕು. ಕಷ್ಟ ನಿಜ, ಆಗದ ಕೆಲಸವಲ್ಲ. ಎಂಜಿನಿಯರಿಂಗ್ ಓದುವ ಹುಡುಗರಿಗೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಮಾತುಗಳ ಅನುವಾದ ಇನ್ನೂ ಸ್ವಾರಸ್ಯದ್ದು. ಊರುಗಳಿಗೆ ಹಬ್ಬದ ಹೆಸರಿಡುವ ಮೂಲದ ತಮಾಷೆಗೆ ಇಂಗ್ಲಿಷಿನವರು ಒಂದು ದಾರಿ ಕಂಡರು, ನಾವು ಇನ್ನೊಂದು ಕಾಣಬೇಕಾಗುತ್ತದೆ.

ಸಮಯ ಮಾತ್ರ ಕಡಿಮೆ. ಆ ನಾಣ್ಯದಂಥ ಬ್ಯಾಟರಿಗಳಿಗೆ ಹದಿನೈದಿಪ್ಪತ್ತು ವರ್ಷ ಆಯುಸ್ಸು. 1989ರಲ್ಲಿ ಯಾವನೋ ಜಪಾನೀ ಹುಡುಗ ಅಪ್ಪನಿಗೆ ಫೋನ್ ಮಾಡಿ ಉಳಿಸಿಟ್ಟ ಆಟಗಳು ಬಹುತೇಕ ಅಳಿಸಿಹೋಗಿವೆ. ಹೊಸ ಬ್ಯಾಟರಿ ಬೆಸುಗೆ ಹಾಕಿದರೆ ಕ್ಯಾಸೆಟ್ ಮತ್ತೆ ನಡೆಯುತ್ತದೆ, ಹಳೆಯ ನೆನಪು ಬರುವುದಿಲ್ಲ. ನಮ್ಮ ಸಮುರಾಯ್, ಮೀಡಿಯಾ ಪೆಟ್ಟಿಗೆಗಳು ಭಂಗಾರದವನ ಚೀಲ ಸೇರುತ್ತಿವೆ. ಅವುಗಳ ಜೊತೆಗೆ ಯಾವ ಕ್ಯಾಸೆಟ್ಟಿನಲ್ಲಿ ಏನಿತ್ತು, ಎಷ್ಟಕ್ಕೆ ಕೊಂಡದ್ದು, ಎಲ್ಲಿ ಸಿಕ್ಕಿತು, ಯಾರು ರಿಪೇರಿ ಮಾಡುತ್ತಿದ್ದರು ಎಂಬ ಮಾಹಿತಿಯೂ ಹೋಗುತ್ತಿದೆ. ನಿಮ್ಮ ಮಾಳಿಗೆಯಲ್ಲೋ, ಊರಿನ ಅಟ್ಟದ ಮೇಲೋ ಒಂದು ಪೆಟ್ಟಿಗೆ ಇದ್ದರೆ ಎಸೆಯುವ ಮೊದಲು ಕ್ಯಾಸೆಟ್ಟಿನ ಲೇಬಲ್ಲಿನ ಫೋಟೊ ತೆಗೆದು, ಗೊತ್ತಿದ್ದಷ್ಟನ್ನು ನಾಲ್ಕು ಸಾಲು ಬರೆದಿಡಿ. ‘ಮದರ್’ ಉಳಿದದ್ದು ಯಾರೋ ಒಬ್ಬ ಒಂದು ಹಳೆಯ ಕಾರ್ಟ್ರಿಜ್ಜನ್ನು ಕಸಕ್ಕೆ ಹಾಕದೆ ಇಟ್ಟುಕೊಂಡಿದ್ದರಿಂದ.